ಪುತ್ತಿಗೆ ಪರ್ಯಾಯದ ಫೋಟೋದ ಅಂಚಿನಲ್ಲಿರುವ ಮಾರಿಸ್ ಕಾರು ಯಾವ ಕಾಲದ್ದು?

ಅಂಬಲಪಾಡಿಯ ಮೊಮ್ಮಗ
ಎಲ್ಲರಿಗೂ ನಮಸ್ಕಾರ. ಅಂಬಲಪಾಡಿಯಲ್ಲಿರುವ ನಮ್ಮ ಹಿರಿಯರ ಮನೆಯ ಹೆಂಚು ಬದಲಿಸುವುದಕ್ಕೆಂದು ಕಳೆದ ತಿಂಗಳು ಅಟ್ಟವನ್ನು ಖಾಲಿ ಮಾಡಿದೆವು. ಒಂದು ತಗಡಿನ ಪೆಟ್ಟಿಗೆಯ ತಳದಲ್ಲಿ, ಹಳೆಯ ಪಂಚಾಂಗಗಳ ನಡುವೆ, ಅಂಗೈಯಷ್ಟಗಲದ ಒಂದು ಕಪ್ಪು ಬಿಳುಪು ಫೋಟೋ ಸಿಕ್ಕಿತು. ಉಡುಪಿಯ ರಥಬೀದಿ ಎಂಬುದರಲ್ಲಿ ಅನುಮಾನವಿಲ್ಲ. ತಳಿರು ಕಟ್ಟಿದ ಕಮಾನಿನ ಮೇಲಿನ ಬರಹದಲ್ಲಿ ‘ತ್ತಿಗೆ ಮಠ’ ಎಂಬಷ್ಟು ಅಕ್ಷರಗಳು ಓದಲು ಸಿಗುತ್ತವೆ. ಎಡದಿಂದ ಎರಡನೆಯವರು, ಕೊಡೆ ಹಿಡಿದು ನಿಂತವರು, ನನ್ನ ತಾಯಿಯ ತಂದೆ. ಬಲಗಡೆಯ ಅಂಚಿನಲ್ಲಿ, ಒಂದು ಎತ್ತಿನ ಗಾಡಿಯ ಹಿಂದೆ, ಗುಂಡಗಿನ ಮೂತಿಯ ಸಣ್ಣ ಕಾರೊಂದರ ಮುಂಭಾಗ ಅರ್ಧ ಕಾಣುತ್ತದೆ.

ಫೋಟೋದ ಬೆನ್ನಿಗೆ ಪೆನ್ಸಿಲಿನಲ್ಲಿ ‘ಪುತ್ತಿಗೆ ಪರ್ಯಾಯ, 1944’ ಎಂದು ಬರೆದಿದೆ, ಅಂದರೆ ಉಡುಪಿಯ ಕೃಷ್ಣನ ಪೂಜೆಯ ಸರದಿ ಪುತ್ತಿಗೆ ಮಠಕ್ಕೆ ಬಂದಾಗಿನ ಉತ್ಸವ. ಅಜ್ಜ ಕಾರು ಇಟ್ಟವರಲ್ಲ. ಆದರೆ ಒಂದು ಪರ್ಯಾಯಕ್ಕೆ ಕಲ್ಯಾಣಪುರದ ಸ್ನೇಹಿತರ ಕಾರಿನಲ್ಲಿ ಬಂದ ಸಂಗತಿಯನ್ನು ಅವರು ಮನೆಯವರ ಮುಂದೆ ಎಷ್ಟೋ ಸಲ ಹೇಳಿದ್ದರಂತೆ. ಆ ಕಾರು ಇದೇ ಇರಬಹುದೇ, ಇದು ಯಾವ ಕಂಪೆನಿಯದು, ಬರೆದಿರುವ ಇಸವಿ ಸರಿಯೇ ಎಂದು ತಿಳಿದವರು ಹೇಳಬೇಕಾಗಿ ವಿನಂತಿ.

ಹಂಪನಕಟ್ಟೆ ಮಾಸ್ಟ್ರು
ಈ ಚಿತ್ರವನ್ನು ಹಂಚಿಕೊಂಡದ್ದಕ್ಕೆ ಮೊದಲು ಕೃತಜ್ಞತೆ. ಮೂವತ್ತು ವರ್ಷಗಳಿಂದ ನಾನು ದಕ್ಷಿಣ ಕನ್ನಡದ ಹಳೆಯ ಬೀದಿ ಫೋಟೋಗಳಲ್ಲಿ ಮಾರಿಸ್ ಕಾರುಗಳನ್ನು ಹುಡುಕುತ್ತಿದ್ದೇನೆ. ಚಿತ್ರ ಯಾರದ್ದೇ ಇರಲಿ, ಮದುವೆಯದೋ ಮೆರವಣಿಗೆಯದೋ ಏನೇ ಇರಲಿ, ನನ್ನ ಕಣ್ಣು ಮೊದಲು ಹೋಗುವುದು ಜನರ ಹಿಂದೆ ನಿಂತಿರುವ ಗಾಡಿಯ ಕಡೆಗೆ. ನನ್ನ ಬಾಲ್ಯದಲ್ಲಿ ನಮ್ಮ ಬೀದಿಯ ಡಾಕ್ಟರರ ಬಳಿ ಒಂದು ಮಾರಿಸ್ ಮೈನರ್ ಇತ್ತು. ರಾತ್ರಿ ಹೊತ್ತಿನಲ್ಲಿ ಅದು ಏರು ಹತ್ತಿ ಬರುವ ಸದ್ದು ಕೇಳಿದರೆ, ಕಾಯಿಲೆಯವರಿದ್ದ ಮನೆಯಲ್ಲಿ ಚಿಮಿಣಿ ಬುಡ್ಡಿಯ ಬತ್ತಿ ಏರಿಸಿ ಬಾಗಿಲು ತೆರೆಯುತ್ತಿದ್ದರು. ಆ ಸದ್ದು ನನ್ನ ಕಿವಿಯಲ್ಲಿ ಇಂದಿಗೂ ಇದೆ.

ನಿಮ್ಮ ಚಿತ್ರದಲ್ಲಿರುವುದು ಮಾರಿಸ್ ಮೈನರ್. ಬಾನೆಟ್ಟಿನ ನಟ್ಟನಡುವೆ, ಗಾಜಿನ ಬುಡದಿಂದ ಮೂತಿಯವರೆಗೆ, ಸುಮಾರು ನಾಲ್ಕು ಬೆರಳು ಅಗಲದ ಒಂದು ಚಪ್ಪಟೆ ಪಟ್ಟಿ ಉಬ್ಬಿದಂತೆ ಕಾಣುತ್ತದೆಯಲ್ಲ, ಅದನ್ನು ನೋಡಿಯೇ ಹೇಳುತ್ತಿದ್ದೇನೆ. ಕಾರಿನ ವಿನ್ಯಾಸಕಾರ ಅಲೆಕ್ ಇಸಿಗೊನಿಸ್ ಅವರಿಗೆ, ಮಾದರಿ ಸಿದ್ಧವಾದ ಮೇಲೆ, ಅದು ತೀರ ಸಪೂರವಾಯಿತು ಎನ್ನಿಸಿತು. ಅವರು ಒಂದು ಮಾದರಿಯನ್ನು ಉದ್ದಕ್ಕೆ ಎರಡಾಗಿ ಸೀಳಿಸಿ, ಎರಡು ಹೋಳುಗಳನ್ನು ಕಣ್ಣಿಗೆ ಹಿತವೆನಿಸುವಷ್ಟು ದೂರ ಸರಿಸಿ ನೋಡಿದರು. ಆ ಅಂತರ 4 ಇಂಚು ಆಯಿತು. ಬಾನೆಟ್ಟಿನ ಪಟ್ಟಿ ಆ ನಾಲ್ಕು ಇಂಚಿನ ಗುರುತು. ಮೊದಲಿನ ಅಳತೆಗೆ ಬಂಪರುಗಳನ್ನು ಆಗಲೇ ತಯಾರಿಸಿಬಿಟ್ಟಿದ್ದರಿಂದ, ಆರಂಭದ ಗಾಡಿಗಳಲ್ಲಿ ಬಂಪರನ್ನೂ ನಡುವೆ ಕತ್ತರಿಸಿ ತುಂಡೊಂದನ್ನು ಸೇರಿಸಿದರು. ಹಳೆಯ ಫೋಟೋಗಳಲ್ಲಿ ಭೂತಗನ್ನಡಿ ಹಿಡಿದು ನಾನು ಮೊದಲು ಹುಡುಕುವುದು ಈ ಎರಡು ಬೆಸುಗೆಗಳನ್ನೇ. ಕಂಪೆನಿಯ ಒಡೆಯರಾದ ಲಾರ್ಡ್ ನಫೀಲ್ಡ್ ಈ ಕಾರನ್ನು ಬೇಯಿಸಿದ ಮೊಟ್ಟೆಗೆ ಹೋಲಿಸಿ ಹೀಗಳೆದಿದ್ದರು. ಆದರೆ ಬ್ರಿಟನ್ನಿನಲ್ಲಿ ಹತ್ತು ಲಕ್ಷದ ಗಡಿ ಮುಟ್ಟಿದ ಮೊದಲ ಕಾರು ಇದೇ ಆಯಿತು.

ಇನ್ನು ಇಸವಿಯ ಮಾತು. ಮೈನರ್ ಜನರ ಕಣ್ಣಿಗೆ ಮೊದಲು ಬಿದ್ದದ್ದು 1948ರಲ್ಲಿ, ಲಂಡನ್ನಿನ ಅರ್ಲ್ಸ್ ಕೋರ್ಟ್ ಪ್ರದರ್ಶನದಲ್ಲಿ. 1944ರಲ್ಲಿ ಯುದ್ಧ ನಡೆಯುತ್ತಿತ್ತು, ಈ ಕಾರು ಆಗ ಬೀದಿಗೆ ಬಂದಿರಲಿಲ್ಲ. ಅಷ್ಟೇ ಅಲ್ಲ, ಮೊದಲ ಮೈನರುಗಳಿಗೆ ಹೆಡ್‌ಲೈಟುಗಳು ಕೆಳಗೆ, ಗ್ರಿಲ್ಲಿನ ಇಕ್ಕೆಲಗಳಲ್ಲಿ ಇದ್ದವು. ದೀಪಗಳು ಎತ್ತರದಲ್ಲಿರಬೇಕೆಂಬ ಅಮೆರಿಕದ ನಿಯಮದಿಂದಾಗಿ ಅವು ಮಡ್‌ಗಾರ್ಡಿನ ಮೇಲಕ್ಕೆ ಏರಿದವು, 1951ರ ಹೊತ್ತಿಗೆ ಎಲ್ಲ ಮೈನರುಗಳಲ್ಲಿಯೂ ಹಾಗೆಯೇ ಆಯಿತು. ನಿಮ್ಮ ಚಿತ್ರದಲ್ಲಿ ಕಾಣುವ ಒಂದೇ ಒಂದು ದೀಪ ಮಡ್‌ಗಾರ್ಡಿನ ಮೇಲಿದೆ. ಆದ್ದರಿಂದ 1944 ಎಂಬುದನ್ನು ಒಪ್ಪಲು ಸಾಧ್ಯವಿಲ್ಲ.

ಒಂದು ಸಂಗತಿ ನನ್ನನ್ನು ಕಾಡುತ್ತಿದೆ. ಮುಂದಿನ ಗಾಜು ಇಡಿಯಾಗಿ ಒಂದೇ ಇದ್ದಂತೆ ತೋರುತ್ತದೆ. ಹಾಗಿದ್ದರೆ ಇದು 1956ರ ಕೊನೆಯಲ್ಲಿ ಬಂದ ಮೈನರ್ 1000, ಅದಕ್ಕಿಂತ ಹಿಂದಿನವುಗಳಲ್ಲಿ ನಡುವೆ ಕಂಬಿಯಿದ್ದು ಗಾಜು ಎರಡು ಹೋಳಾಗಿರುತ್ತಿತ್ತು. ನಮ್ಮ ದೇಶದಲ್ಲಿಯೇ ಪೂರ್ಣವಾಗಿ ತಯಾರಿಸುವ ಯೋಜನೆಯಿಲ್ಲದವರು ಕಾರು ಜೋಡಿಸಬಾರದೆಂದು 1953ರಲ್ಲಿ ಸುಂಕ ಆಯೋಗ ಹೇಳಿದ ಮೇಲೆ, ಜನರಲ್ ಮೋಟರ್ಸ್, ಫೋರ್ಡ್‌ನಂಥವರೇ ಇಲ್ಲಿಂದ ಕಾಲ್ತೆಗೆದರು. ಅಂಥ ಕಾಲದಲ್ಲಿ ಉಡುಪಿಗೆ ಒಂದು ಮೈನರ್ 1000 ಬಂದಿತ್ತೆಂದರೆ ಅದು ಬಹಳ ಅಪರೂಪದ ಸಂಗತಿ. ಇನ್ನೂ ಸ್ಪಷ್ಟವಾದ ಪ್ರತಿ ಇದ್ದರೆ ದಯವಿಟ್ಟು ಹಾಕಿ.

ಕಲ್ಸಂಕದ ಅಕ್ಕ
ಮಾಸ್ಟ್ರೇ, ಕಾರಿನ ವಿಷಯದಲ್ಲಿ ನಿಮ್ಮ ಮಾತನ್ನು ಒಪ್ಪಿಕೊಂಡು, ಪರ್ಯಾಯದ ಲೆಕ್ಕವನ್ನು ನಾನು ಸೇರಿಸುತ್ತೇನೆ. ವಾದಿರಾಜರು 1522ರಲ್ಲಿ ಎರಡು ತಿಂಗಳ ಸರದಿಯನ್ನು ಎರಡು ವರ್ಷಕ್ಕೆ ಏರಿಸಿದ ಮೇಲೆ, ಎಂಟು ಮಠಗಳಿಗೂ ಹದಿನಾರು ವರ್ಷಕ್ಕೊಮ್ಮೆ ಪೂಜೆಯ ಅಧಿಕಾರ ಬರುತ್ತದೆ. ಪಲಿಮಾರು, ಅದಮಾರು, ಕೃಷ್ಣಾಪುರ, ಪುತ್ತಿಗೆ, ಶೀರೂರು, ಸೋದೆ, ಕಾಣಿಯೂರು, ಪೇಜಾವರ ಎಂಬ ಈ ಸರದಿ ತಪ್ಪುವುದಿಲ್ಲ. ಪೇಜಾವರದ ವಿಶ್ವೇಶತೀರ್ಥರು 1952, 1968, 1984, 2000, 2016ರಲ್ಲಿ ಐದು ಪರ್ಯಾಯ ನಡೆಸಿದ್ದನ್ನು ನೆನೆದರೆ ಲೆಕ್ಕ ತಾನಾಗಿಯೇ ಹೊಂದುತ್ತದೆ. ಪುತ್ತಿಗೆ ಮಠದ ಸರದಿ ಮೊನ್ನೆ 2024ರಲ್ಲಿ ಬಂತು. ಹಿಂದಕ್ಕೆ ಹೋದರೆ 2008, 1992, 1976, 1960, 1944.

ಆದ್ದರಿಂದ ಬೆನ್ನಿಗೆ ಬರೆದವರು ಬಾಯಿಗೆ ಬಂದ ಇಸವಿಯನ್ನು ಬರೆಯಲಿಲ್ಲ. 1944 ನಿಜವಾಗಿಯೂ ಪುತ್ತಿಗೆ ಪರ್ಯಾಯದ ವರ್ಷವೇ. ಅವರು ಹದಿನಾರರ ಲೆಕ್ಕವನ್ನು ಸರಿಯಾಗಿಯೇ ಹಿಡಿದು, ಒಂದು ಸುತ್ತು ಹೆಚ್ಚು ಹಿಂದಕ್ಕೆ ಹೋಗಿರಬೇಕು. ಕಾರಿನ ಕಾರಣಕ್ಕೆ 1944 ಬಿಟ್ಟುಹೋದರೆ ಉಳಿಯುವುದು 1960 ಅಥವಾ 1976. ಎರಡರಲ್ಲಿ ಯಾವುದೆಂದು ಹೇಳುವುದಕ್ಕೆ ಕಾರು ಸಾಕಾಗುತ್ತದೆಯೇ?

ಹಂಪನಕಟ್ಟೆ ಮಾಸ್ಟ್ರು
ಸಾಕಾಗುವುದಿಲ್ಲ ಅಕ್ಕ. ಹೊಸಬರು ಎಡವುವುದು ಸರಿಯಾಗಿ ಈ ಜಾಗದಲ್ಲಿ. ಕಾರು ಹೇಳಬಲ್ಲದ್ದು ‘ಇದಕ್ಕಿಂತ ಮೊದಲಲ್ಲ’ ಎಂಬ ಒಂದೇ ಮಾತನ್ನು. ಇದಕ್ಕಿಂತ ಆಮೇಲಲ್ಲ ಎಂದು ಅದು ಎಂದೂ ಹೇಳಲಾರದು. ನಮ್ಮ ಜಿಲ್ಲೆಯಲ್ಲಿ ಒಂದು ಕಾರನ್ನು ಕೊಂಡವರು ಅದನ್ನು ಮಕ್ಕಳ ಮದುವೆಯವರೆಗೂ ಓಡಿಸುತ್ತಿದ್ದರು. 1952ರ ಮೈನರ್ 1976ರ ಪರ್ಯಾಯಕ್ಕೆ ಬಂದು ನಿಂತಿದ್ದರೆ ಅದರಲ್ಲಿ ಆಶ್ಚರ್ಯಪಡುವಂಥದ್ದು ಏನೂ ಇಲ್ಲ. ಮಂಗಳೂರಿನ ಚಿತ್ರಗಳ ಬಗ್ಗೆ ‘ಕಾರು 1935ರದ್ದು, ಆದ್ದರಿಂದ ಫೋಟೋ 1935ರದ್ದು’ ಎಂದು ಬರೆದುಬಿಡುವವರನ್ನು ಕಂಡಾಗ ನನಗೆ ನಿಜವಾಗಿಯೂ ಸಂಕಟವಾಗುತ್ತದೆ. ಆ ತಪ್ಪು ಇಸವಿ ಒಬ್ಬರಿಂದ ಇನ್ನೊಬ್ಬರಿಗೆ ಹೋಗಿ, ಕೊನೆಗೆ ಅದೇ ಚರಿತ್ರೆಯಾಗಿ ಕೂತುಬಿಡುತ್ತದೆ.

ನಂಬರ್ ಪ್ಲೇಟು ಕಂಡಿದ್ದರೆ ಇನ್ನೊಂದು ಗಂಟು ಬಿಚ್ಚಬಹುದಿತ್ತು. ದಕ್ಷಿಣ ಕನ್ನಡ 1956ರ ನವೆಂಬರ್ 1ರವರೆಗೆ ಮದ್ರಾಸ್ ರಾಜ್ಯದಲ್ಲಿತ್ತು, ಆಮೇಲೆ ಮೈಸೂರು ರಾಜ್ಯಕ್ಕೆ ಸೇರಿತು. ‘ಎಂ.ವೈ.’ ಎಂದು ಶುರುವಾಗುವ ಪ್ಲೇಟು ಮೈಸೂರು ರಾಜ್ಯದ್ದು. ಊರಿನದೇ ಗಾಡಿಗೆ ಆ ಅಕ್ಷರಗಳಿದ್ದರೆ, ಅದು ಆ ದಿನದ ನಂತರ ಇಲ್ಲಿ ನೋಂದಣಿಯಾದದ್ದು. ಆದರೆ ಬೆಂಗಳೂರು, ಮೈಸೂರಿನ ಗಾಡಿಗಳು ಅದಕ್ಕೂ ಮೊದಲೇ ಉಡುಪಿಗೆ ಯಾತ್ರೆ ಬರುತ್ತಿದ್ದವು ಎಂಬುದನ್ನು ಮರೆಯಬಾರದು. ಈ ಚಿತ್ರದಲ್ಲಿ ‘ಎಂ’ ಒಂದೇ ಕಾಣುತ್ತದೆ, ಮುಂದಿನ ಅಕ್ಷರದ ಮೇಲೆ ಎತ್ತಿನ ಕೊಂಬು ಬಂದಿದೆ.

ಅಂಬಲಪಾಡಿಯ ಮೊಮ್ಮಗ
ಮಾಸ್ಟ್ರಿಗೂ ಅಕ್ಕನಿಗೂ ಧನ್ಯವಾದಗಳು. ಬೆನ್ನಿನ ಬರಹ ನನ್ನ ಸೋದರಮಾವನದ್ದು. ಇಸವಿ ತಪ್ಪೆಂದು ಹೇಳಿದಾಗ ಅಮ್ಮನಿಗೆ ಸ್ವಲ್ಪ ಬೇಸರವಾಯಿತು, ಏಕೆಂದರೆ ಆ ಅಣ್ಣನ ಕೈಬರಹವಿರುವ ಕಾಗದಗಳು ಮನೆಯಲ್ಲಿ ಇನ್ನು ಹೆಚ್ಚು ಉಳಿದಿಲ್ಲ. ಅವರು ಲೆಕ್ಕ ಸರಿಯಾಗಿಯೇ ಹಾಕಿ ಒಂದು ಸುತ್ತು ತಪ್ಪಿದರು ಎಂಬ ಅಕ್ಕನ ಮಾತನ್ನು ಓದಿ ಹೇಳಿದ ಮೇಲೆ ಅವರ ಮುಖ ತಿಳಿಯಾಯಿತು. ಸ್ಪಷ್ಟವಾದ ಪ್ರತಿ ತೆಗೆಯುವುದು ಹೇಗೆ? ನಾನು ಹಾಕಿದ್ದು ಮೊಬೈಲಿನಲ್ಲಿ ತೆಗೆದದ್ದು.

ಸ್ಟುಡಿಯೋದವರ ಮಗಳು, ಕಾರ್ಕಳ
ನನ್ನ ತಂದೆ ನಲವತ್ತು ವರ್ಷ ಸ್ಟುಡಿಯೋ ನಡೆಸಿದವರು, ಆದ್ದರಿಂದ ಈ ವಿಷಯದಲ್ಲಿ ಸ್ವಲ್ಪ ಹೇಳಬಲ್ಲೆ. ಅಳತೆ ನೋಡಿದರೆ ಇದು 6×9 ಸೆಂಟಿಮೀಟರಿನ ಪ್ರತಿ, ಅಂದರೆ 120ರ ಫಿಲ್ಮಿನ ನೆಗೆಟಿವನ್ನು ಕಾಗದಕ್ಕೆ ತಾಗಿಸಿಯೇ ಮುದ್ರಿಸಿದ್ದು. ಇದನ್ನು ದೊಡ್ಡದು ಮಾಡಿಲ್ಲದ ಕಾರಣ, ಬರಿಗಣ್ಣಿಗೆ ಕಾಣದ ಎಷ್ಟೋ ವಿವರಗಳು ಆ ಕಾಗದದಲ್ಲಿ ಅಡಗಿರುತ್ತವೆ. ಫ್ಲಾಟ್‌ಬೆಡ್ ಸ್ಕ್ಯಾನರಿನಲ್ಲಿ 1200 ಅಥವಾ 2400 ಡಿಪಿಐ ಇಟ್ಟು, ಕಪ್ಪು ಬಿಳುಪು ಚಿತ್ರವಾದರೂ ಬಣ್ಣದ ಆಯ್ಕೆಯಲ್ಲಿಯೇ ತೆಗೆಯಿರಿ. ಹಳದಿ ಕಲೆಗಳನ್ನು ಚಿತ್ರದ ವಿವರದಿಂದ ಬೇರ್ಪಡಿಸುವುದಕ್ಕೆ ಅದು ಬೇಕಾಗುತ್ತದೆ. ಚಿತ್ರವನ್ನು ಒರೆಸಬೇಡಿ, ನಮ್ಮ ಕರಾವಳಿಯ ಮಳೆಗಾಲದ ತೇವಕ್ಕೆ ಮೇಲ್ಪದರ ಮೆದುವಾಗಿ ಬೂಸ್ಟು ಹಿಡಿದಿದ್ದರೆ ಬಟ್ಟೆಯ ಜೊತೆಗೆ ಚಿತ್ರವೇ ಎದ್ದು ಬರುತ್ತದೆ. ಇನ್ನು ಯಾರದಾದರೂ ಮನೆಯಲ್ಲಿ ಫೋಟೋ ಚೌಕಟ್ಟಿನ ಗಾಜಿಗೆ ಅಂಟಿಕೊಂಡಿದ್ದರೆ, ಅದನ್ನು ಕೀಳಲು ಹೋಗದೆ, ಗಾಜಿನ ಸಮೇತ, ಬೆಳಕು ಪ್ರತಿಫಲಿಸದ ಕೋನದಲ್ಲಿ ಚಿತ್ರ ತೆಗೆದಿಟ್ಟುಕೊಳ್ಳಿ.

ಇನ್ನೊಂದು ಮಾತು. ಕಾರು ಗುರುತಿಸುವ ಮೊದಲು ಚಿತ್ರ ಎಡಬಲ ತಿರುಗಿಲ್ಲವೆಂದು ನೋಡಿಕೊಳ್ಳಬೇಕು. ನೆಗೆಟಿವನ್ನು ಮಗುಚಿ ಇಟ್ಟು ಮುದ್ರಿಸಿದರೆ ಸ್ಟಿಯರಿಂಗು ಎಡಕ್ಕೆ ಹೋಗುತ್ತದೆ, ನೋಡಿದವರು ಇದು ಅಮೆರಿಕದ ಕಾರೆಂದು ಸಾಧಿಸತೊಡಗುತ್ತಾರೆ. ಅಂಗಡಿಯ ಬೋರ್ಡು ಇಲ್ಲದ ಚಿತ್ರಗಳಲ್ಲಿ ನನ್ನ ತಂದೆ ಹೆಂಗಸರ ಸೆರಗನ್ನೂ ಗಂಡಸರ ಜನಿವಾರವನ್ನೂ ನೋಡುತ್ತಿದ್ದರು. ಎರಡೂ ಎಡ ಹೆಗಲಿನ ಮೇಲೆ ಇರಬೇಕು. ಈ ಚಿತ್ರದಲ್ಲಿ ಎಲ್ಲವೂ ಸರಿಯಾಗಿದೆ. ಗಾಜು ಇಡಿಯಾಗಿ ಕಾಣುವುದಕ್ಕೆ ಆಕಾಶದ ಪ್ರತಿಫಲನ ಕಾರಣವಿರಬಹುದು, ಬೆಳ್ಳನೆಯ ಹೊಳಪಿನಲ್ಲಿ ಸಪೂರದ ಕಂಬಿ ಮುಳುಗಿಹೋಗುತ್ತದೆ.

ಬಂದರಿನ ಗ್ಯಾರೇಜು
ನಮಸ್ಕಾರ. ಬಂದರಿನಲ್ಲಿ ನಮ್ಮದು ಮೂರು ತಲೆಮಾರಿನ ಗ್ಯಾರೇಜು. ಮಾಸ್ಟ್ರು ಹೇಳಿದ ಬಾನೆಟ್ಟಿನ ಪಟ್ಟಿಯನ್ನು ನಾನು ಕೈಯಿಂದ ಮುಟ್ಟಿ ಬಲ್ಲೆ. ಅದರ ಎರಡು ಅಂಚುಗಳಲ್ಲಿ ಮೇಣ ನಿಂತು ಒಣಗಿ ಬಿಳಿ ಗೆರೆಯಾಗುತ್ತದೆಂದು ನನ್ನ ತಂದೆ ಬೆರಳಿಗೆ ಬಟ್ಟೆ ಸುತ್ತಿ ಉಜ್ಜಿಸುತ್ತಿದ್ದರು.

ಇಲ್ಲಿ ಒಂದು ವಿಷಯವನ್ನು ಸ್ಪಷ್ಟಪಡಿಸಬೇಕು. ನಮ್ಮ ಕಡೆಯ ಚಿತ್ರಗಳಲ್ಲಿ ಕಾಣುವ ಮೈನರುಗಳಲ್ಲಿ ಕೆಲವು ಇಂಗ್ಲೆಂಡಿನಿಂದ ಬಂದವು, ಕೆಲವು ಹಿಂದುಸ್ತಾನ್ ಮೋಟರ್ಸಿನವರು ಉತ್ತರಪಾಡಾದಲ್ಲಿ ಜೋಡಿಸಿ ‘ಬೇಬಿ ಹಿಂದುಸ್ತಾನ್’ ಎಂಬ ಹೆಸರಿನಲ್ಲಿ ಮಾರಿದವು. ಬಾನೆಟ್ಟಿನ ತುದಿಯ ಲಾಂಛನವನ್ನು ಬಿಟ್ಟರೆ, ಬೀದಿಯ ಆಚೆ ಬದಿಯಿಂದ ತೆಗೆದ ಫೋಟೋದಲ್ಲಿ ಎರಡಕ್ಕೂ ವ್ಯತ್ಯಾಸ ಕಾಣುವುದಿಲ್ಲ. ಅದೇ ಮನೆತನದಲ್ಲಿ ಮಾರಿಸ್ ಟೆನ್ ಕಾರು ಹಿಂದುಸ್ತಾನ್ 10 ಆಯಿತು, ಆಕ್ಸ್‌ಫರ್ಡ್ ಎಂಒ ಹಿಂದುಸ್ತಾನ್ 14 ಆಯಿತು, ಎರಡನೆಯ ಸರಣಿಯ ಆಕ್ಸ್‌ಫರ್ಡ್ ಲ್ಯಾಂಡ್‌ಮಾಸ್ಟರ್ ಆಯಿತು, ಮೂರನೆಯದು ಅಂಬಾಸಿಡರ್ ಆಗಿ 2014ರವರೆಗೂ ಕಾರ್ಖಾನೆಯಿಂದ ಹೊರಬರುತ್ತಿತ್ತು. ಹಾಗಾಗಿ ಮಾರಿಸ್ ಹುಡುಕುವವರು ಅಂಬಾಸಿಡರನ್ನು ಹೊರಗಿಡಬಾರದು ಎಂಬುದು ನನ್ನ ದೃಢವಾದ ಅಭಿಪ್ರಾಯ. ಲ್ಯಾಂಡ್‌ಮಾಸ್ಟರಿಗೂ ಅಂಬಾಸಿಡರಿಗೂ ಹಿಂದಿನಿಂದ ನೋಡಿದರೆ ತಟ್ಟನೆ ವ್ಯತ್ಯಾಸ ತಿಳಿಯುತ್ತದೆ. ಮೊದಲನೆಯದರ ಬೆನ್ನು ಇಳಿಜಾರಾಗಿ ದುಂಡಗಿದೆ, ಎರಡನೆಯದರ ಹಿಂದಿನ ಮಡ್‌ಗಾರ್ಡುಗಳು ಮೀನಿನ ರೆಕ್ಕೆಯಂತೆ ತುಸು ಎದ್ದು ನಿಂತಿವೆ.

ಸ್ಕ್ಯಾನ್ ಬಂದಾಗ ಮುಂದಿನ ಬಾಗಿಲಿನ ಹಿಂದಿನ ಕಂಬವನ್ನು ನೋಡಿ. ಮಿನುಗುವ ಇಂಡಿಕೇಟರ್ ಬರುವುದಕ್ಕೆ ಮೊದಲು, ತಿರುಗುವ ಕಡೆಗೆ ಅಲ್ಲಿಂದ ಒಂದು ಸಣ್ಣ ಕೈ ಹೊರಚಾಚುತ್ತಿತ್ತು, ಅದರೊಳಗೆ ಕೆಂಪು ಹಳದಿ ನಡುವಿನ ಬಣ್ಣದ ದೀಪವಿರುತ್ತಿತ್ತು. ಮೈನರಿನಲ್ಲಿ ಅದು 1961ರವರೆಗೂ ಇತ್ತು. ಕಡಲ ಗಾಳಿಯ ಉಪ್ಪಿಗೆ ಅದರ ಕೀಲು ಹಿಡಿದು ಕೈ ಹೊರಗೆ ಬಾರದಿದ್ದರೆ ಗಾಡಿಯ ಒಳಗಿನಿಂದಲೇ ಕಂಬಕ್ಕೆ ಅಂಗೈಯಿಂದ ಒಂದು ಏಟು ಕೊಡಬೇಕು. ಮಗುವಿನ ಬೆನ್ನಿಗೆ ತಟ್ಟಿದಂತೆ ತಟ್ಟಬೇಕೆಂದು ತಂದೆ ಕಲಿಸಿದ್ದರು, ಜೋರಾಗಿ ಹೊಡೆದರೆ ಒಳಗಿನ ತಂತಿ ಕಡಿಯುತ್ತಿತ್ತು.

ಮೂಲ್ಕಿ ಹೊಳೆಬದಿ
ಇದೇ ಮಾತಿಗೆ ಸೇರಿಕೊಂಡು ನಾನೂ ಒಂದು ಚಿತ್ರ ಹಾಕುತ್ತಿದ್ದೇನೆ, ಮಾಸ್ಟ್ರು ದಯವಿಟ್ಟು ನೋಡಬೇಕು. ಸೇತುವೆ ಆಗುವ ಮೊದಲು ಎರಡು ದೋಣಿಗಳನ್ನು ಜೋಡಿಸಿ, ಮೇಲೆ ಹಲಗೆ ಹಾಸಿದ ಜಂಗಲಿನಲ್ಲಿ ಗಾಡಿಗಳನ್ನು ಹೊಳೆ ದಾಟಿಸುತ್ತಿದ್ದ ಕಾಲದ್ದು. ಬಾನೆಟ್ಟಿನ ಬದಿಯಲ್ಲಿ ನಾಲ್ವರು ಉದ್ದದ ಗಳು ಹಿಡಿದು ನಿಂತಿದ್ದಾರೆ. ಇದನ್ನೂ ನಮ್ಮ ಮನೆಯಲ್ಲಿ ಮೈನರ್ ಎಂದೇ ಹೇಳುತ್ತಾ ಬಂದಿದ್ದಾರೆ.

ಹಂಪನಕಟ್ಟೆ ಮಾಸ್ಟ್ರು
ಎಂಥ ಅಪೂರ್ವ ಚಿತ್ರ! ಆದರೆ ಇದು ಮೈನರ್ ಅಲ್ಲ, ಹಿಂದುಸ್ತಾನ್ 14 ಅಥವಾ ಅದರ ಮೂಲವಾದ ಆಕ್ಸ್‌ಫರ್ಡ್ ಎಂಒ. ಮೈನರ್ ಹುಟ್ಟಿದ 1948ರಲ್ಲಿಯೇ ಹುಟ್ಟಿದ ಇದರ ಮೈಕಟ್ಟು ಮೈನರಿನದೇ, ಅಣ್ಣ ತಮ್ಮಂದಿರ ಮುಖದಂತೆ. ಎಷ್ಟೋ ಜನ ಇಲ್ಲಿ ಮೋಸಹೋಗುತ್ತಾರೆ. ಗುರುತು ಹಿಡಿಯಬೇಕಾದರೆ ಪಕ್ಕದಲ್ಲಿ ನಿಂತ ಮನುಷ್ಯನನ್ನೇ ಅಳತೆಗೋಲು ಮಾಡಿಕೊಳ್ಳಬೇಕು. ಮೈನರಿನ ಎತ್ತರ ಸುಮಾರು 5 ಅಡಿ, ಉದ್ದ 12 ಅಡಿಗಿಂತ ಸ್ವಲ್ಪ ಹೆಚ್ಚು. ಎಂಒ ಉದ್ದ ಸುಮಾರು 14 ಅಡಿ. ಚಿತ್ರದಲ್ಲಿ ಗಾಡಿ ಜಂಗಲಿನ ಹಲಗೆಯನ್ನು ಒಂದು ತುದಿಯಿಂದ ಇನ್ನೊಂದು ತುದಿಯವರೆಗೆ ತುಂಬಿಕೊಂಡಿದೆ, ಪಕ್ಕದ ಅಂಬಿಗರಿಗೆ ಹೋಲಿಸಿದರೆ ಇದರ ಉದ್ದ ಮೈನರಿನದಾಗುವುದಿಲ್ಲ. ನಿಮ್ಮ ಮನೆಯವರ ಮಾತನ್ನು ತಿದ್ದಬೇಕಾಗಿ ಬಂದದ್ದಕ್ಕೆ ಕ್ಷಮೆಯಿರಲಿ, ಆದರೆ ಹೊಳೆಯ ನಡುವೆ ತೇಲುತ್ತಿರುವ ಒಂದು ‘ಹದಿನಾಲ್ಕ’ನ್ನು ನಾನು ಈವರೆಗೆ ಎಲ್ಲಿಯೂ ಕಂಡಿರಲಿಲ್ಲ.

ಹುಡುಕುವವರಿಗೆ ಒಂದು ಸೂಚನೆ. ಇಂಗ್ಲಿಷ್ ಶೀರ್ಷಿಕೆಗಳಿರುವ ಸಂಗ್ರಹಗಳಲ್ಲಿ ‘ಕಾರ್’ ಎಂದು ಹುಡುಕಿದರೆ ಮಂಗಳೂರಿನ ವೆಂಕಟರಮಣ ದೇವಸ್ಥಾನದ ರಥವೂ ಉಡುಪಿಯ ಬ್ರಹ್ಮರಥವೂ ಬರುತ್ತವೆ, ಏಕೆಂದರೆ ರಥಬೀದಿಯನ್ನು ಅವರು ‘ಕಾರ್ ಸ್ಟ್ರೀಟ್’ ಎಂದು ಬರೆದರು. ಆ ಚಿತ್ರಗಳನ್ನು ಬೇಡವೆಂದು ಬದಿಗೆ ಸರಿಸಬೇಡಿ. ರಥೋತ್ಸವದ ದಿನ ಊರಿನ ಕಾರುಗಳೆಲ್ಲ ಬೀದಿಯ ಬದಿಗೆ ನಿಂತಿರುತ್ತವೆ. ನಿಂತ ಗಾಡಿ ಫೋಟೋದಲ್ಲಿ ಅಲುಗದೆ ಚೊಕ್ಕವಾಗಿ ಬರುತ್ತದೆ, ಓಡುವ ಗಾಡಿ ಬರಿಯ ಮಬ್ಬು. ನನ್ನ ಸಂಗ್ರಹದ ಅತ್ಯಂತ ಹಳೆಯ ಮಾರಿಸ್, 1926ರವರೆಗೆ ಬರುತ್ತಿದ್ದ ಗುಂಡು ರೇಡಿಯೇಟರಿನದ್ದು, ಸಿಕ್ಕಿದ್ದು ಒಂದು ತೇರಿನ ಹಗ್ಗದ ಹಿಂದೆ. ಬಾಸೆಲ್ ಮಿಷನ್ನಿನ ಫೋಟೋಗಳಲ್ಲಿ ಹುಡುಕುವವರು ಮಾತ್ರ ನಿರಾಶರಾಗಬಹುದು. ಮಂಗಳೂರಿನ ಅವರ ಚಿತ್ರಗಳಲ್ಲಿ ಹೆಚ್ಚಿನವು 1914ರ ಯುದ್ಧಕ್ಕೆ ಮೊದಲಿನವು, ಅಲ್ಲಿ ಕಾಣುವುದೆಲ್ಲ ಹೆಂಚಿನ ಕಾರ್ಖಾನೆಗಳ ಮುಂದಿನ ಎತ್ತಿನ ಗಾಡಿಗಳು.

ಅಂಬಲಪಾಡಿಯ ಮೊಮ್ಮಗ
ಕಾರ್ಕಳದ ಅಕ್ಕ ಹೇಳಿದಂತೆ 2400 ಡಿಪಿಐಯಲ್ಲಿ ಸ್ಕ್ಯಾನ್ ಮಾಡಿಸಿ ಹಾಕಿದ್ದೇನೆ. ಗಾಜಿನ ನಡುವೆ ಕಂಬಿಯಿದೆ! ಮೇಲ್ಭಾಗದಲ್ಲಿ ಒಂದು ಅಂಗುಲದಷ್ಟು ಮಾತ್ರ ಕಾಣುತ್ತದೆ, ಕೆಳಗೆ ಆಕಾಶದ ಬಿಳುಪಿನಲ್ಲಿ ಕರಗಿದೆ. ಬಾಗಿಲ ಹಿಂದಿನ ಕಂಬದಲ್ಲಿ ಉದ್ದನೆಯ ಸೀಳೂ ಇದೆ. ಇನ್ನೊಂದು ಸಂಗತಿ, ಕಮಾನಿನ ಎಡಕ್ಕೆ ಗೋಡೆಯ ಮೇಲೆ ಬಣ್ಣದಲ್ಲಿ ಬರೆದ ಜಾಹೀರಾತೊಂದು ಈಗ ಓದಲು ಸಿಗುತ್ತಿದೆ: ‘ಕೆನರಾ ಇಂಡಸ್ಟ್ರಿಯಲ್ ಎಂಡ್ ಬೇಂಕಿಂಗ್’. ಮುಂದಿನದು ಜನರ ತಲೆಯ ಹಿಂದೆ ಹೋಗಿದೆ.

ಹಂಪನಕಟ್ಟೆ ಮಾಸ್ಟ್ರು
ಹಾಗಿದ್ದರೆ ಮೈನರ್ 1000 ಎಂಬ ನನ್ನ ಊಹೆ ತಪ್ಪು. ಇದು 1950ರ ದಶಕದ ಮೊದಲರ್ಧದ ಮೈನರ್, ಬೇಬಿ ಹಿಂದುಸ್ತಾನ್ ಇರುವ ಸಾಧ್ಯತೆಯೇ ಹೆಚ್ಚು. ಅಪರೂಪದ ಗಾಡಿಯಲ್ಲವೆಂದು ನನಗೇನೂ ಬೇಸರವಿಲ್ಲ. ಕಲ್ಯಾಣಪುರದ ಒಬ್ಬ ಗೃಹಸ್ಥರು ಕೊಳ್ಳಬಹುದಾಗಿದ್ದ, ಸ್ನೇಹಿತರನ್ನು ಕೂರಿಸಿಕೊಂಡು ಪರ್ಯಾಯಕ್ಕೆ ಬರಬಹುದಾಗಿದ್ದ ಗಾಡಿ ಇದೇ.

ಕಲ್ಸಂಕದ ಅಕ್ಕ
ಆ ಜಾಹೀರಾತು ನಮ್ಮ ಊರಿನದೇ ಬ್ಯಾಂಕಿನದ್ದು. 1925ರಲ್ಲಿ ಉಡುಪಿಯಲ್ಲಿ ಆರಂಭವಾದ ಕೆನರಾ ಇಂಡಸ್ಟ್ರಿಯಲ್ ಎಂಡ್ ಬ್ಯಾಂಕಿಂಗ್ ಸಿಂಡಿಕೇಟ್ 1960ರ ದಶಕದಲ್ಲಿ ಹೆಸರು ಚಿಕ್ಕದು ಮಾಡಿಕೊಂಡು ಸಿಂಡಿಕೇಟ್ ಬ್ಯಾಂಕ್ ಆಯಿತು. 1976ರ ಪರ್ಯಾಯದ ಹೊತ್ತಿಗೆ ಗೋಡೆಯ ಮೇಲೆ ಹಳೆಯ ಉದ್ದ ಹೆಸರು ಇರುವುದಕ್ಕೆ ಕಾರಣವಿಲ್ಲ. ನನ್ನ ಲೆಕ್ಕದಲ್ಲಿ ಇದು 1960ರ ಜನವರಿ.

ಹಂಪನಕಟ್ಟೆ ಮಾಸ್ಟ್ರು
ನನ್ನ ಮನಸ್ಸೂ 1960ರ ಕಡೆಗೇ ವಾಲುತ್ತದೆ. ಆದರೂ ಒಂದು ಆಕ್ಷೇಪವನ್ನು ನಾನೇ ಎತ್ತುತ್ತೇನೆ. ಗೋಡೆಯ ಬರಹವನ್ನು ಅಳಿಸದೆ ಹಾಗೆಯೇ ಬಿಟ್ಟಿರಬಹುದಲ್ಲವೇ?

ಬಂದರಿನ ಗ್ಯಾರೇಜು
ಮಾಸ್ಟ್ರೇ, ನಮ್ಮ ಮಳೆಗೆ ಸುಣ್ಣದ ಗೋಡೆಯ ಬರಹ ಎಷ್ಟು ವರ್ಷ ನಿಂತೀತು? ಹೆಸರು ಬದಲಾದ ಮೇಲೂ ಹತ್ತು ಮಳೆಗಾಲ ಕಳೆದು ಅಕ್ಷರಗಳು ಇಷ್ಟು ಕಪ್ಪಗೆ ಉಳಿಯುವುದು ಕಷ್ಟ. ಪರ್ಯಾಯಕ್ಕೆ ಮೊದಲು ರಥಬೀದಿಯ ಮನೆಗಳಿಗೆಲ್ಲ ಸುಣ್ಣ ಬಳಿಯುವ ಪದ್ಧತಿಯೂ ಇದೆ.

ಅಂಬಲಪಾಡಿಯ ಮೊಮ್ಮಗ
ಈ ಪ್ರಶ್ನೆಯನ್ನು ಅಮ್ಮನ ಮುಂದೆ ಇಟ್ಟಾಗ ಅವರು ಒಂದೇ ಮಾತಿನಲ್ಲಿ ಉತ್ತರಿಸಿದರು. ಅಜ್ಜ ತೀರಿಕೊಂಡದ್ದು 1969ರ ಆಷಾಢದಲ್ಲಿ. ಚಿತ್ರದಲ್ಲಿ ಅವರು ನಿಂತಿರುವಾಗ ಅದು 1976 ಆಗುವುದು ಹೇಗೆ? ಈ ವಿಷಯವನ್ನು ನಾನು ಮೊದಲೇ ತಿಳಿಸಬೇಕಿತ್ತು, ಕಾರಿನ ಕಡೆಗೇ ಗಮನವಿಟ್ಟು ಬಿಟ್ಟುಹೋಯಿತು.

ಸೋದರಮಾವನ ಬರಹವನ್ನು ಅಳಿಸಲಿಲ್ಲ. ಅದರ ಕೆಳಗೆ ಅಮ್ಮ ತಮ್ಮದೇ ಅಕ್ಷರದಲ್ಲಿ ‘1960 ಜನವರಿ, ಕಲ್ಯಾಣಪುರದ ಮಾರಿಸ್ ಇರಬಹುದು’ ಎಂದು ಬರೆದಿಟ್ಟಿದ್ದಾರೆ. ‘ಇರಬಹುದು’ ಎಂಬ ಪದ ಮಾಸ್ಟ್ರಿಗಾಗಿ ಎಂದು ತಿಳಿಸಲು ಹೇಳಿದ್ದಾರೆ.

ಸ್ಟುಡಿಯೋದವರ ಮಗಳು, ಕಾರ್ಕಳ
120ರ ಫಿಲ್ಮಿನಲ್ಲಿ 6×9ರ ಎಂಟು ಚಿತ್ರಗಳು ಬರುತ್ತವೆ. ನಿಮ್ಮ ಕೈಯಲ್ಲಿರುವುದು ಒಂದು. ಪರ್ಯಾಯದ ದಿನ ಕ್ಯಾಮೆರಾ ಹಿಡಿದು ಹೋದವರು ರೀಲು ಮುಗಿಸದೆ ಮನೆಗೆ ಬಂದಿರಲಾರರು. ಉಳಿದ ಏಳರಲ್ಲಿ ಯಾವುದಾದರೂ ಒಂದು ಎತ್ತಿನ ಈಚೆ ಬದಿಯಿಂದ ತೆಗೆದದ್ದಾಗಿದ್ದರೆ ನಂಬರ್ ಪ್ಲೇಟು ಪೂರ್ತಿ ಸಿಗುತ್ತದೆ.

ಅಂಬಲಪಾಡಿಯ ಮೊಮ್ಮಗ
ಸೋದರಮಾವನ ಪೆಟ್ಟಿಗೆಯೊಂದು ಕುಂದಾಪುರದಲ್ಲಿ ಅತ್ತೆಯ ಮನೆಯಲ್ಲಿದೆ. ಬರುವ ಭಾನುವಾರ ಅಮ್ಮನನ್ನು ಕರೆದುಕೊಂಡು ಹೋಗುತ್ತಿದ್ದೇನೆ. ಕೈಗೆ ಹತ್ತಿಯ ಗ್ಲೌಸು, ಚಿತ್ರಗಳ ನಡುವೆ ಇಡುವುದಕ್ಕೆ ಬಿಳಿಯ ತೆಳು ಕಾಗದ ತೆಗೆದುಕೊಂಡಿದ್ದೇನೆ. ಇನ್ನೇನಾದರೂ ಬೇಕಾಗುತ್ತದೆಯೇ?

ಹಂಪನಕಟ್ಟೆ ಮಾಸ್ಟ್ರು
ಒಂದು ಒಳ್ಳೆಯ ಭೂತಗನ್ನಡಿ ಇರಲಿ. ಸಿಕ್ಕಿದ ಪ್ರತಿಯೊಂದು ಚಿತ್ರದ ಬೆನ್ನನ್ನೂ ಮುಖದಷ್ಟೇ ಎಚ್ಚರದಿಂದ ಸ್ಕ್ಯಾನ್ ಮಾಡಿ, ತಪ್ಪು ಇಸವಿಯಿದ್ದರೂ ಸರಿ. ಭಾನುವಾರ ರಾತ್ರಿ ನಾನು ಕಾಯುತ್ತಿರುತ್ತೇನೆ.